ಒಬ್ಬರು ಕೂರುವ ಬೆಂಚು

ಎದೆಹಳ್ಳಿಗೆ ನರಸಿಂಹರಾಜಪುರ ಎಂದು ಹೆಸರಿಟ್ಟು ಇಪ್ಪತ್ತು ವರ್ಷ ದಾಟಿದ್ದರೂ ಹಳಬರ ಬಾಯಲ್ಲಿ ಅದಿನ್ನೂ ಎದೆಹಳ್ಳಿಯೇ. ಅಲ್ಲಿ ಟ್ರಾಮ್ ನಿಲ್ದಾಣದಿಂದ ಮರದ ನಾಟಾ ಡಿಪೋಗೆ ಹೋಗುವ ದಾರಿಯ ಬದಿಗೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ ಇತ್ತು. ಊರಿನ ಹನ್ನೊಂದು ಕ್ರೈಸ್ತ ಮನೆಗಳಿಗೆ ಅದೇ ಪ್ರಾರ್ಥನಾಮಂದಿರ. ಮರ ಕುಯ್ಯುವವರು, ಒಬ್ಬ ಕಂಪೌಂಡರ್, ಇಬ್ಬರು ಟ್ರಾಮಿನ ಕೆಲಸದವರು, ಹೀಗೆ ಎಲ್ಲರೂ ಘಟ್ಟದ ಕೆಳಗಿನಿಂದ ಹೊಟ್ಟೆಪಾಡಿಗೆ ಮೇಲೆ ಬಂದವರೇ.

ಕೋಣೆಯ ಒಳಗಿನ ಬೆಂಚುಗಳನ್ನೆಲ್ಲ ಮಾಡಿದವನು ನತಾನಿಯೇಲ. ಅವನು ಬಡಗಿ, ಸಭೆಯ ಹಿರಿಯನೂ ಹೌದು. ಬಲಕ್ಕೆ ಗಂಡಸರಿಗೆ ನಾಲ್ಕು, ಎಡಕ್ಕೆ ಹೆಂಗಸರಿಗೆ ನಾಲ್ಕು. ಇವಲ್ಲದೆ ಹಿಂದೆ, ಬಾಗಿಲ ಪಕ್ಕದಲ್ಲಿ, ಎರಡು ಸಾಲಿಗೂ ಸೇರದ ಹಾಗೆ ಒಂಬತ್ತನೆಯದೊಂದು ಗಿಡ್ಡ ಬೆಂಚು. ಸಭೆಯ ಶಿಸ್ತಿಗೆ ಒಳಗಾದವರು ಕೂರುವ ಜಾಗ ಅದು. ಮತ್ತಿಮರದ ಹಲಗೆಯನ್ನು ಒಬ್ಬರೇ ಕೂರುವಷ್ಟು ಅಳತೆಗೆ ಕೊಯ್ದು ಮಾಡಿದ್ದ. ಇಷ್ಟು ಗಿಡ್ಡ ಯಾಕೆ ಎಂದು ಯಾರೋ ಕೇಳಿದಾಗ, "ಇಬ್ಬರು ಕೂತರೆ ಮಾತಿಗಿಳೀತಾರೆ. ಮಾತಿಗಿಳಿದರೆ ಪಶ್ಚಾತ್ತಾಪ ಎಲ್ಲಿ ಬಂತು?" ಅಂದಿದ್ದ. ಅವನ ಮಾತು ಸರಿ ಎಂದು ಎಲ್ಲರಿಗೂ ಅನಿಸಿತ್ತು. ನತಾನಿಯೇಲ ಹೇಳಿದ್ದು ಸಾಮಾನ್ಯವಾಗಿ ಸರಿಯೇ ಇರುತ್ತಿತ್ತು.

ಪಾದ್ರಿಗಳು ಊರಲ್ಲಿ ಇರುತ್ತಿರಲಿಲ್ಲ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ವರ್ಷಕ್ಕೆ ಎರಡು ಸಲ ತರೀಕೆರೆಯಲ್ಲಿ ಟ್ರಾಮ್ ಹತ್ತಿ ಬರುತ್ತಿದ್ದರು. ಆ ಎರಡು ಭಾನುವಾರ ಮಾತ್ರ ಕರ್ತನ ಭೋಜನ, ಸಭೆಯವರು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಭೋಜನಕ್ಕೆ ಬರುವವರು ಹಿಂದಿನ ಶನಿವಾರದೊಳಗೆ ಹೆಸರು ಕೊಡಬೇಕಿತ್ತು. ಮನೆಯ ಯಜಮಾನ ಹಿರಿಯನ ಹತ್ತಿರ ಬಂದು ತನ್ನ ಹೆಸರು, ಹೆಂಡತಿಯ ಹೆಸರು ಹೇಳುತ್ತಾನೆ. ಹೇಳಿದನೆಂದರೆ, ನಮ್ಮ ಮನೆಯಲ್ಲಿ ಜಗಳವಿಲ್ಲ, ಮುಚ್ಚಿಟ್ಟ ತಪ್ಪಿಲ್ಲ ಎಂದು ದೇವರ ಮುಂದೆ ಒಪ್ಪಿಕೊಂಡಂತೆ. ಹೆಸರು ಬಾರದವರು ಆ ಭಾನುವಾರದಿಂದ ಪಾದ್ರಿಗಳು ಮತ್ತೆ ಬರುವ ತನಕ ಒಂಬತ್ತನೆಯ ಬೆಂಚಿನ ಮೇಲೆ. ಹೋದ ವರ್ಷ ಅಲ್ಲಿ ಕೂತವಳು ತಬಿಥಾ. ಮುಸಾಫರಿ ಬಂಗಲೆಯಲ್ಲಿ ಕಸ ಮುಸುರೆ ಮಾಡುವ ವಿಧವೆ. ಮಗಳಿಗೆ ಸೆಳವು ಬರುತ್ತದೆಂದು ಎಲ್ಲಿಂದಲೋ ತಾಯಿತ ತಂದು ಕಟ್ಟಿಸಿದ್ದಳು. ತಾಯಿತ, ದಾರ ಸಭೆಯಲ್ಲಿ ನಿಷಿದ್ಧ. ಅವಳ ಹೆಸರನ್ನು ತಡೆದವನು ನತಾನಿಯೇಲನೇ.

ಈಗ ಸಾವಿರದ ಒಂಬೈನೂರ ಮೂವತ್ತೆಂಟರ ನವೆಂಬರ್ ಕೊನೆ. ಪಾದ್ರಿಗಳು ಶನಿವಾರ ಬರುವವರಿದ್ದರು.

ಮಂಗಳವಾರ ಬೆಳಿಗ್ಗೆ ನತಾನಿಯೇಲ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಹೊನ್ನೆಯ ಹಲಗೆಗೆ ಗುರುತು ಹಾಕುತ್ತಿದ್ದ. ಮಸಿಯಲ್ಲಿ ಅದ್ದಿದ ದಾರವನ್ನು ಹಲಗೆಯ ಎರಡು ತುದಿಗೆ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ಪನೆ ಒಂದು ಕಪ್ಪು ಗೆರೆ ಮೂಡುತ್ತದೆ. ಮೂರು ವರ್ಷದ ಮಗಳು ಲೀದಿಯಳಿಗೆ ಅದನ್ನು ನೋಡುವುದೆಂದರೆ ಹಬ್ಬ. ಚಕ್ಕೆಗಳ ರಾಶಿಯ ಮೇಲೆ ಕೂತಿದ್ದವಳು ಎದ್ದು ಬಂದಳು.

"ಇನ್ನೊಂದ್ಸಲ ಅಪ್ಪ."

ಅವನು ಇನ್ನೊಂದು ಗೆರೆ ಹೊಡೆದ.

"ನಂಗೂ ದಾರ ಇದೆ," ಅಂದಳು ಲೀದಿಯ. ಅಂದವಳೇ ಲಂಗ ಎತ್ತಿ ಹೊಟ್ಟೆ ಮುಂದೆ ಮಾಡಿ ನಿಂತಳು. ಸೊಂಟದ ಸುತ್ತ ಕರಿದಾರ, ಬಲಗಡೆ ಮೂರು ಗಂಟು, ಗಂಟಿನ ಸಂದಿಯಲ್ಲಿ ಒಣಗಿದ ಕುಂಕುಮ.

ನತಾನಿಯೇಲ ಮಗಳ ಲಂಗವನ್ನು ಮೆಲ್ಲಗೆ ಕೆಳಗಿಳಿಸಿದ. "ಯಾರು ಕಟ್ಟಿದ್ದು ಪುಟ್ಟಿ?"

"ಸೀತಕ್ಕ. ಅಮ್ಮ ಹಿಡ್ಕೊಂಡಿದ್ಲು. ಟಪ್ ಅನ್ನಲ್ಲ ಇದು."

"ಇದು ಟಪ್ ಅನ್ನಲ್ಲ," ಅಂದ ಅವನು. ಆಮೇಲೆ ಮಧ್ಯಾಹ್ನದ ತನಕ ಹತ್ತರಿ ಹಿಡಿದು ಆ ಹಲಗೆಯನ್ನು ಹೆರೆಯುತ್ತ ಕೂತ. ತಾನು ಹೊಡೆದ ಗೆರೆಯೇ ಅಳಿಸಿಹೋಗುವಷ್ಟು ಹೆರೆದ.

ನಡೆದದ್ದು ಇಷ್ಟು. ಸೆಪ್ಟೆಂಬರ್ ಕೊನೆಯಲ್ಲಿ ಜವಳಿ ವ್ಯಾಪಾರಿಯೊಬ್ಬರ ಹೊಸ ಅಂಗಡಿಗೆ ಬಾಗಿಲು ಕೂರಿಸುವ ಕೆಲಸಕ್ಕೆ ಅವನು ಶೃಂಗೇರಿಗೆ ಹೋಗಿದ್ದ. ಹನ್ನೆರಡು ದಿನದ ಕೆಲಸ. ಹೋದ ಮೂರನೆಯ ದಿನ ಲೀದಿಯಳಿಗೆ ಚಳಿಜ್ವರ ಬಂತು. ಆ ಊರಲ್ಲಿ ಚಳಿಜ್ವರ ಬಾರದ ಮನೆ ಇರಲಿಲ್ಲ. ಆದರೆ ಅವನ ಹೆಂಡತಿ ಸಲೋಮೆಗೆ ಇದು ಮೂರನೆಯ ಮಗು. ಮೊದಲನೆಯದು ಎಂಟು ದಿನ ಇತ್ತು. ಎರಡನೆಯದು ಅಂಬೆಗಾಲಿಡುವ ಹೊತ್ತಿಗೆ ಇಂಥದೇ ಜ್ವರದಲ್ಲಿ ಹೋಯಿತು. ಕಂಪೌಂಡರ್ ಎಜ್ರ ಕ್ವಿನೈನ್ ಕೊಟ್ಟ. ಮಗು ಕುಡಿದದ್ದನ್ನೆಲ್ಲ ಕಕ್ಕಿತು. ಆರನೆಯ ದಿನ ಕಣ್ಣು ಮೇಲಾದಾಗ ಪಕ್ಕದ ಮನೆಯ ಸೀತಕ್ಕ, ಡಿಪೋ ಗಾರ್ಡಿನ ಹೆಂಡತಿ, ಊರ ದೇವತೆ ಚೌಡಿಯ ಬನಕ್ಕೆ ಹೋಗಿ ದಾರ ತಂದಳು. ಸಲೋಮೆ ಬೇಡವೆನ್ನಲಿಲ್ಲ. ಮಗುವನ್ನು ಎತ್ತಿ ಹಿಡಿದಳು. ಅದೇ ಹೊತ್ತಿಗೆ ಕ್ವಿನೈನನ್ನು ಬೆಲ್ಲದಲ್ಲಿ ಕಲಸಿ ಇನ್ನೊಮ್ಮೆ ನೆಕ್ಕಿಸಿದಳು. ಮರುದಿನ ಜ್ವರ ಇಳಿಯಿತು. ಯಾವುದರಿಂದ ಇಳಿಯಿತೆಂದು ಅವಳು ಯಾರನ್ನೂ ಕೇಳಲಿಲ್ಲ. ಮೂರು ಅಮಾವಾಸ್ಯೆ ಕಳೆಯುವ ತನಕ ದಾರ ಬಿಚ್ಚಬಾರದು ಎಂದಿದ್ದಳು ಸೀತಕ್ಕ. ಗಂಡ ಮನೆಗೆ ಬಂದಾಗ ಜ್ವರದ ಸುದ್ದಿ ಹೇಳಿದಳು, ದಾರದ ಸುದ್ದಿ ಹೇಳಲಿಲ್ಲ. ಎರಡು ತಿಂಗಳಾಯಿತು. ಮಗುವಿಗೆ ಸ್ನಾನ ಮಾಡಿಸುವವಳು, ಬಟ್ಟೆ ಹಾಕುವವಳು ಅವಳೇ. ಗೊತ್ತಾಗುವ ದಾರಿ ಇರಲಿಲ್ಲ.

ಆ ಮಂಗಳವಾರ ಸಂಜೆ ಲೀದಿಯಳ ತಲೆ ಬಾಚುವಾಗ, ಗಂಡನಿಗೆ ಗೊತ್ತಾಗಿದೆ ಎಂದು ಸಲೋಮೆಗೆ ತಿಳಿಯಿತು.

"ಅಪ್ಪಂಗೆ ದಾರ ತೋರಿಸ್ದೆ."

ಸಲೋಮೆಯ ಕೈಯಲ್ಲಿ ಬಾಚಣಿಗೆ ನಿಂತಿತು. "ಅಪ್ಪ ಏನಂದ್ರು?"

"ಟಪ್ ಅನ್ನಲ್ಲ ಅಂದ್ರು."

ಅವಳು ಜಡೆ ಹೆಣೆದು ಮುಗಿಸಿದಳು. ಅನ್ನಕ್ಕೆ ಇಟ್ಟಳು. ಗಂಡ ಬಂದು ಕೈಕಾಲು ತೊಳೆದು ಕೂತ. ಉಂಡ. ಸಾರು ಇನ್ನೊಂದು ಸೌಟು ಬೇಕೆ ಎಂದು ಕೇಳಿದಾಗ ಬೇಡವೆಂದ. ಅಷ್ಟೇ ಮಾತು. ಬುಧವಾರವೂ ಅಷ್ಟೇ. ಸಂಜೆಯ ಹೊತ್ತು ಇಬ್ಬರು ಯಜಮಾನರು ಬಂದು ಹೆಸರು ಕೊಟ್ಟು ಹೋದರು. ಅವನು ತಿಣ್ಣೆಯ ಮೇಲೆ ಕೂತು ಬರೆದುಕೊಂಡ. ಸಲೋಮೆ ಬಾಗಿಲ ಹಿಂದೆ ಅಕ್ಕಿ ಆರಿಸುತ್ತ ಅವರ ಮಾತು ಕೇಳುತ್ತಿದ್ದಳು. ಪಟ್ಟಿಯ ಮೊದಲ ಸಾಲು ಯಾವಾಗಲೂ ಹಿರಿಯನ ಮನೆಯದು. ಅದನ್ನು ಬಿಟ್ಟು ಎರಡನೆಯ ಸಾಲಿನಿಂದ ಬರೆದಿದ್ದಾನೆ ಎಂದು ಆಮೇಲೆ ಕಾಗದ ನೋಡಿದಾಗ ತಿಳಿಯಿತು.

ಆ ಖಾಲಿ ಸಾಲು ಅವಳನ್ನು ಹೆದರಿಸಿತು. ಬೆಂಚಿನ ಹೆದರಿಕೆ ಇದ್ದೇ ಇತ್ತು. ಉಳಿದ ಹತ್ತು ಮನೆಯ ಹೆಂಗಸರು ಐದು ತಿಂಗಳು ತನ್ನ ಮುಂದಿನಿಂದಲೇ ಒಳಗೆ ಬಂದು ಹೋಗುತ್ತಾರೆ. ಅದಕ್ಕಿಂತ ಹೆಚ್ಚಿನ ಹೆದರಿಕೆ, ಈ ಮನುಷ್ಯ ಇನ್ನು ತನ್ನ ಮುಖ ನೋಡಿ ಮಾತಾಡುತ್ತಾನೋ ಇಲ್ಲವೋ ಎಂಬುದು.

ನತಾನಿಯೇಲ ಬುಧವಾರ ಸಂಜೆ ವೇದಪುಸ್ತಕ ತೆಗೆದು ಕೂತಿದ್ದ. ಡಿಸೆಂಬರಿನ ಭಾನುವಾರಗಳಿಗೆ ಓದಬೇಕಾದ ಭಾಗಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳುವುದು ಅವನ ಪದ್ಧತಿ. ಕರ್ತನ ತಾಯಿಯನ್ನು ಮದುವೆಯಾಗಬೇಕಿದ್ದ ಯೋಸೇಫನ ಕಥೆಗೆ ಬಂದ. ನಿಶ್ಚಯವಾದ ಹೆಣ್ಣು ಬಸುರಿ ಎಂದು ತಿಳಿದಾಗ ಯೋಸೇಫ ಅವಳ ಮಾನವನ್ನು ಬೀದಿಗೆ ಹಾಕಲು ಒಪ್ಪದೆ ಗುಟ್ಟಾಗಿ ಬಿಟ್ಟುಬಿಡಬೇಕೆಂದು ಯೋಚಿಸಿದ. ಯಾಕೆಂದರೆ ಅವನು ನ್ಯಾಯವಂತ. ನತಾನಿಯೇಲ ಈ ಮಾತನ್ನು ಹತ್ತು ವರ್ಷದಿಂದ ಓದಿ ಕೇಳಿಸಿದ್ದ. ನ್ಯಾಯವಂತ ಎಂದರೆ ಕಟ್ಟಳೆ ಮೀರದವನು ಎಂದು ವಿವರಿಸಿದ್ದ. ಕಟ್ಟಳೆ ಹೇಳಿದ್ದು ಬೀದಿಗೆ ಹಾಕು ಎಂದೇ. ಅದನ್ನು ಮಾಡದವನನ್ನು ಪುಸ್ತಕ ನ್ಯಾಯವಂತ ಎನ್ನುತ್ತಿದೆ. ಇದು ತನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಒಂದು ದಾರಿ ಕಂಡಿತು ಎಂದೂ ಅನಿಸಿತು.

ಗುರುವಾರ ಬೆಳಿಗ್ಗೆ ಸಲೋಮೆ ದೋಸೆ ಹುಯ್ಯುತ್ತಿದ್ದಾಗ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಆ ದಾರ ಕತ್ತರಿಸಿ ಒಲೆಗೆ ಹಾಕು," ಅಂದ. "ಪಟ್ಟಿಯಲ್ಲಿ ನಮ್ಮ ಹೆಸರು ಬರೀತೀನಿ. ಇಬ್ಬರದೂ. ಇದು ನಮ್ಮ ಮನೆ ದಾಟಿ ಹೋಗೋದು ಬೇಡ."

ಸಲೋಮೆ ಕಾವಲಿಯ ಮೇಲಿನ ದೋಸೆ ಎಬ್ಬಿಸಿ ತಟ್ಟೆಗೆ ಹಾಕಿದಳು. ಎರಡು ದಿನದಿಂದ ಈ ಮಾತಿಗಾಗಿ ಕಾದಿದ್ದಳು. ಬಂದ ಮೇಲೆ ಅದು ಅವಳಿಗೆ ಹಿಡಿಸಲಿಲ್ಲ.

"ನಿಮಗೆ ಸಿಟ್ಟಿಲ್ವಾ?"

"ಇದೆ."

"ದಾರದ ಮೇಲಾ, ನನ್ನ ಮೇಲಾ?"

"ಎರಡು ತಿಂಗಳು," ಅಂದ ನತಾನಿಯೇಲ. "ಎರಡು ತಿಂಗಳು ಒಂದೇ ಮನೆಯಲ್ಲಿ ಉಂಡು ಮಲಗಿದ್ದೀವಿ ಸಲೋಮೆ. ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಯಾರು ಕೇಳಿಸ್ಕೊಳ್ತಿದ್ರು? ಹಿರಿಯರಾ, ನನ್ನ ಗಂಡನಾ?"

 ಕಾವಲಿ ಹೊಗೆಯಾಡಿತು. ಅವಳು ನೀರು ಚಿಮುಕಿಸಿ ಇನ್ನೊಂದು ದೋಸೆ ಹುಯ್ದಳು.

"ಅದಕ್ಕೇ ಹೇಳಲಿಲ್ಲ. ತಪ್ಪು ನನ್ನದೇ, ಇಲ್ಲ ಅನ್ನಲ್ಲ. ನೀವು ಕೇಳಿದ್ದರೆ ಮಗು ಬದುಕಿದ್ದು ಸಾಕು ಅಂತ ಕಾಲು ಹಿಡ್ಕೊಳ್ತಿದ್ದೆ. ಆದರೆ ಹೆಸರು ಬರೆಸಿ ಭಾನುವಾರ ಬಿಳಿ ಸೀರೆ ಉಟ್ಟು ಮುಂದಿನ ಬೆಂಚಲ್ಲಿ ಕೂರೋದು ನನ್ನ ಕೈಲಾಗಲ್ಲ."

"ಯಾಕಾಗಲ್ಲ? ಹೆಂಡತಿಗೆ ಮಾನ ಕೊಡು, ಅವಳು ಸೂಕ್ಷ್ಮ ಪಾತ್ರೆ ಇದ್ದ ಹಾಗೆ ಅಂತ ವೇದದಲ್ಲಿ ಪೇತ್ರ ಬರೆದಿದ್ದಾನೆ. ನಿನ್ನ ಮಾನ ಕಾಯೋದು ನನ್ನ ಕೆಲಸ. ಯೋಸೇಫನೂ ಅದನ್ನೇ ಮಾಡಿದ್ದು. ನಿನ್ನೆ ಓದಿದೆ."

"ತಬಿಥಕ್ಕನ ಮಾನ ಯಾರು ಕಾಯ್ಬೇಕಿತ್ತು? ಅವಳಿಗೆ ಗಂಡ ಇಲ್ಲ." ಸಲೋಮೆಯ ಧ್ವನಿ ಏರಲಿಲ್ಲ. "ಐದು ತಿಂಗಳು ನಾನು ಅವಳ ಮುಂದಿಂದ ಸೆರಗು ಒಳಗೆಳ್ಕೊಂಡು ಹೋಗಿದ್ದೀನಿ. ನೀವು ನೋಡಿಲ್ಲ, ನೀವು ಮುಂದಿರ್ತಿದ್ರಿ. ಅವಳ ಮಗಳಿಗೆ ತಾಯಿತ, ನನ್ನ ಮಗಳಿಗೆ ದಾರ. ಅವಳು ಬಂಗಲೆಯಲ್ಲಿ ಮುಸುರೆ ತಿಕ್ಕೋಳು, ನಾನು ಹಿರಿಯರ ಹೆಂಡತಿ. ಇದರಲ್ಲಿ ದೇವರಿಗೆ ಏನು ವ್ಯತ್ಯಾಸ ಕಾಣುತ್ತೆ ಹೇಳಿ."

"ಹಾಗಾದರೆ ಏನು ಮಾಡಬೇಕು ಅಂತೀಯ?"

"ನನ್ನ ಹೆಸರು ಬಿಡಿ."

"ಊರೆಲ್ಲ ನೋಡುತ್ತೆ."

"ನೋಡ್ಲಿ." ಅವಳು ದೋಸೆಯ ತಟ್ಟೆಯನ್ನು ಅವನ ಕೈಗಿತ್ತಳು. "ಯೋಸೇಫ ಗುಟ್ಟಾಗಿ ಬಿಡಬೇಕು ಅಂದ್ಕೊಂಡಿದ್ದ ಅಷ್ಟೇ. ಮಾಡಿದ್ದು ಅದಲ್ಲವಲ್ಲ. ಮನೆಗೆ ಕರ್ಕೊಂಡ್ಬಂದ. ಆಮೇಲೆ ಜನ ಬರೀ ಅವಳ ಹೊಟ್ಟೆ ನೋಡಿರ್ತಾರಾ? ಅವನ ಮುಖಾನೂ ನೋಡಿರ್ತಾರೆ. ಬಿಸಿ ಇದ್ದಾಗ್ಲೇ ತಿನ್ನಿ."

ನತಾನಿಯೇಲ ತಟ್ಟೆ ಹಿಡಿದು ಕೊಟ್ಟಿಗೆಗೆ ಹೋದ. ಹೆಂಡತಿ ವೇದಪುಸ್ತಕದ ಮಾತನ್ನು ತನಗೆ ತಿರುಗಿಸಿ ಹೇಳಿದ್ದು ಹನ್ನೊಂದು ವರ್ಷದ ಸಂಸಾರದಲ್ಲಿ ಇದೇ ಮೊದಲು.

ಶುಕ್ರವಾರ ಸಲೋಮೆ ಮಗಳನ್ನು ಎತ್ತಿಕೊಂಡು ಸೀತಕ್ಕನ ಮನೆಗೆ ಹೋದಳು. ಸೀತಕ್ಕ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು.

"ದಾರ ಬಿಚ್ಚಬೇಕು ಸೀತಕ್ಕ. ಕತ್ತರಿಸೋಕೆ ಮನಸ್ಸು ಬರಲಿಲ್ಲ. ನೀವು ಕಟ್ಟಿದ್ದು, ನೀವೇ ಬಿಚ್ಚಿ."

"ಇನ್ನೊಂದು ಅಮಾಸೆ ಉಂಟಲ್ಲ ಮಾರಾಯ್ತಿ. ಎಂತ ಅವಸರ?"

ಸಲೋಮೆ ಇದ್ದದ್ದನ್ನು ಹೇಳಿದಳು. ಬೆಂಚಿನ ವಿಷಯವನ್ನೂ ಹೇಳಿದಳು. ಸೀತಕ್ಕ ಹಪ್ಪಳದ ಚಾಪೆ ಬಿಟ್ಟು ಎದ್ದು ನಿಂತಳು.

"ಜ್ವರ ಬಿಟ್ಟದ್ದಕ್ಕೆ ಶಿಕ್ಷೆಯಾ? ಇದೆಂಥ ನ್ಯಾಯ! ನಾನು ಬಂದು ನಿಮ್ಮ ಪಾದ್ರಿ ಅಯ್ಯನವರ ಹತ್ರ ಹೇಳ್ತೇನೆ, ಕಟ್ಟಿದ್ದು ನಾನು, ಬೇಕಾದ್ರೆ ನಾನೇ ಕೂರ್ತೇನೆ ಅಂತ. ನನಗೆ ಕೂತು ಅಭ್ಯಾಸ ಇಲ್ಲ, ಅದೊಂದು ಕಷ್ಟ."

ಸಲೋಮೆಗೆ ನಗು ಬಂತು. ಮೂರು ದಿನದ ಮೇಲೆ ಬಂದ ನಗು. "ಬೇಡ ಸೀತಕ್ಕ. ನೀವು ನಿಮ್ಮ ನಂಬಿಕೆಯಲ್ಲಿ ಒಳ್ಳೇದೇ ಮಾಡಿದ್ರಿ. ನಾನು ನನ್ನ ನಂಬಿಕೆಗೆ ಮೋಸ ಮಾಡಿದೆ. ಇದು ನಮ್ಮ ಮನೆ ಲೆಕ್ಕ."

"ನಿನ್ನ ಗಂಡನ ಮುಖ ನೋಡಿದೆ ಬೆಳಿಗ್ಗೆ. ಚೌಡಿಗೆ ಬೇಜಾರಾಗಲ್ಲ ಸಾಲಮ್ಮ, ಅವಳು ದೊಡ್ಡವಳು. ಅವರಿಗೇ ಬೇಜಾರಾಗಿದ್ದು." ಸಲೋಮೆಯನ್ನು ಸೀತಕ್ಕ ಮೊದಲಿನಿಂದಲೂ ಸಾಲಮ್ಮ ಎಂದೇ ಕರೆಯುತ್ತಿದ್ದಳು. ಅವಳು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹಲ್ಲಿನಿಂದ ಒಂದೊಂದೇ ಗಂಟು ಬಿಡಿಸಿದಳು. ಲೀದಿಯ ಕಚಗುಳಿಗೆ ಕಿರುಚಿ ನಕ್ಕಳು. ದಾರವನ್ನು ಸೀತಕ್ಕ ಸುರುಳಿ ಮಾಡಿ ತನ್ನ ತುಳಸಿ ಕಟ್ಟೆಯ ಮೇಲೆ ಇಟ್ಟಳು. "ನಾನು ಬನಕ್ಕೆ ಮುಟ್ಟಿಸ್ತೇನೆ. ನೀನು ಹಪ್ಪಳ ತಗೊಂಡು ಹೋಗು. ಹಪ್ಪಳಕ್ಕೆ ನಿಮ್ಮಲ್ಲಿ ಏನೂ ಅಡ್ಡಿ ಇಲ್ಲವಲ್ಲ?"

ಅದೇ ಶುಕ್ರವಾರ ಮಧ್ಯಾಹ್ನ ನತಾನಿಯೇಲ ಮುಸಾಫರಿ ಬಂಗಲೆಗೆ ಹೋದ. ತಬಿಥಾ ಹಿತ್ತಲಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಅವನನ್ನು ಕಂಡವಳೇ ಕೈ ತೊಳೆದು ಎದ್ದಳು.

"ಎಂತ ಹಿರಿಯರೇ, ಇಲ್ಲಿ ತನಕ? ಹೆಸರು ಕೊಡಕ್ಕೆ ನಾನೇ ಸಂಜೆ ಬರ್ತಿದ್ದೆ. ಈ ಸಲ ಏನೂ ಕಟ್ಟಿಲ್ಲ, ಬೇಕಾದ್ರೆ ಮಗಳನ್ನ ಕೊಪ್ಪದಿಂದ ಕರೆಸ್ತೀನಿ, ನೋಡಿ."

"ಅದಕ್ಕಲ್ಲ ತಬಿಥಕ್ಕ." ಅವನು ಮೆಟ್ಟಿಲ ಮೇಲೆ ಕೂತ. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಉಪಯೋಗಕ್ಕೆ ಬರಲಿಲ್ಲ. "ನಮ್ಮ ಲೀದಿಯಳ ಸೊಂಟದಲ್ಲಿ ದಾರ ಇತ್ತು. ಬನದ್ದು. ಸಲೋಮೆ ಕಟ್ಟಿಸಿದ್ದು."

ತಬಿಥಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಮುಖದಲ್ಲಿ ಸಂತೋಷ ಕಾಣಬಹುದೆಂದು ಅವನು ಹೆದರಿದ್ದ. ಕಾಣಲಿಲ್ಲ.

"ಮಗು ಹುಷಾರಾಗಿದೆಯಾ?"

"ಹುಷಾರಾಗಿದೆ."

"ಅಷ್ಟಾಯ್ತಲ್ಲ."

"ಹೋದ ವರ್ಷ ನಿಮ್ಮ ಹೆಸರು ತಡೆದವನು ನಾನು. ನಿಮ್ಮ ಮಗಳು ಹೇಗಿದ್ದಾಳೆ ಅಂತ ನಾನು ಕೇಳಿರಲಿಲ್ಲ." ಅವನು ಕೈಗಳನ್ನು ನೋಡಿಕೊಂಡ. "ಕ್ಷಮಿಸಬೇಕು."

"ಅಯ್ಯೋ, ಬಿಡಿ ಅತ್ಲಾಗೆ." ತಬಿಥಾ ಮತ್ತೆ ಕುಕ್ಕರಗಾಲಲ್ಲಿ ಕೂತು ಒಂದು ಚೊಂಬು ಎತ್ತಿಕೊಂಡಳು. "ಶಿಕ್ಷೆ ಶಿಕ್ಷೆಯೇ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇದ್ದಿದ್ದು ನಿಮ್ಮ ಬೆಂಚಿನ ಬಗ್ಗೆ."

"ಬೆಂಚಿಗೆ ಏನಾಗಿದೆ?"

"ಕುಂಟುತ್ತೆ. ಎಡಗಡೆ ಹಿಂದಿನ ಕಾಲು. ಒಂಚೂರು ಮೈ ಅಲ್ಲಾಡಿದ್ರೂ ಕಟಕ್ ಅನ್ನುತ್ತೆ. ಕಟಕ್ ಅಂದ್ರೆ ಎಲ್ಲರೂ ತಿರುಗಿ ನೋಡೋದು. ಐದು ತಿಂಗಳು ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೀನಿ ಹಿರಿಯರೇ. ನನ್ನ ಪಾಪಕ್ಕಿಂತ ಆ ಕಾಲಿನ ಯೋಚನೆಯೇ ಜಾಸ್ತಿ ಆಗಿತ್ತು."

ನತಾನಿಯೇಲ ತಾನು ಮಾಡಿದ ಕಪಾಟು ಅಲುಗಿತು, ಬಾಗಿಲು ಬಾಗಿತು ಎಂಬ ಮಾತು ಕೇಳಿದವನಲ್ಲ. ಶೃಂಗೇರಿಯವರು ಕರೆಸುತ್ತಿದ್ದದ್ದೇ ಅದಕ್ಕೆ. "ನನಗೆ ಹೇಳಬಾರದಿತ್ತಾ?"

"ಯಾರಿಗೆ ಹೇಳ್ಲಿ? ಅದರಲ್ಲಿ ಕೂತೋರು ಮಾತಾಡೋ ಹಾಗಿಲ್ಲ ಅಂತ ನೀವೇ ಒಬ್ಬರ ಅಳತೆಗೆ ಮಾಡಿದ್ದು." ತಬಿಥಾ ನಕ್ಕಳು. ಅಣಕವೋ ಸ್ನೇಹವೋ, ಎರಡೂ ಇದ್ದವು. "ಸಲೋಮೆಗೆ ಹೇಳಿ, ಬಲಗಡೆ ಭಾರ ಹಾಕಿ ಕೂತ್ಕೊಳ್ಳಲಿ. ಆಗ ಸದ್ದು ಕಮ್ಮಿ."

ದಾರಿಯಲ್ಲಿ ನತಾನಿಯೇಲ ಪ್ರಾರ್ಥನಾಮಂದಿರದ ಬೀಗ ತೆಗೆದು ಒಳಗೆ ಹೋದ. ಒಬ್ಬನೇ ಇದ್ದ. ಒಂಬತ್ತನೆಯ ಬೆಂಚಿನ ಮೇಲೆ ಕೂತ. ಕಟಕ್ ಎಂದಿತು. ಮಾಡಿದ ದಿನ ನೆಲ ಮಣ್ಣಿನದಾಗಿತ್ತು. ಆಮೇಲೆ ಗಾರೆ ಹಾಕಿಸಿದಾಗ ಉಳಿದ ಎಂಟಕ್ಕೂ ಕಾಲು ಸರಿಮಾಡಿದ್ದ. ಇದನ್ನು ಮರೆತಿದ್ದ. ಅಲ್ಲಿಂದ ಮುಂದೆ ನೋಡಿದರೆ ಎಂಟು ಬೆಂಚುಗಳ ಬೆನ್ನು ಮಾತ್ರ ಕಾಣುತ್ತಿತ್ತು. ತಾನು ಭಾನುವಾರ ನಿಂತು ಓದುವ ಮೇಜು ತುಂಬ ದೂರದಲ್ಲಿತ್ತು. ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಬೆಂಚನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದ.

ಶನಿವಾರ ಬೆಳಿಗ್ಗೆ ಕೊಟ್ಟಿಗೆಯಿಂದ ಗರಗಸದ ಸದ್ದು ಬರುತ್ತಿತ್ತು. ಸಲೋಮೆ ನೀರು ತಂದು ಬರುವಾಗ ಇಣುಕಿ ನೋಡಿದಳು. ಗಿಡ್ಡ ಬೆಂಚು ತಲೆಕೆಳಗಾಗಿ ಮಲಗಿತ್ತು. ಅದರ ಪಕ್ಕದಲ್ಲಿ ಮಂಗಳವಾರದ ಹೊನ್ನೆಯ ಹಲಗೆ.

"ಕಾಲು ಸರಿ ಮಾಡ್ತಿದ್ದೀರಾ?"

"ಕಾಲೂ ಸರಿ ಮಾಡಬೇಕು." ಅವನು ತಲೆ ಎತ್ತಲಿಲ್ಲ. ಮತ್ತಿಯ ಹಲಗೆಯ ತುದಿಯಲ್ಲಿ ಕಚ್ಚು ತೆಗೆಯುತ್ತಿದ್ದ, ಹೊನ್ನೆಯದನ್ನು ಅದಕ್ಕೆ ಕೂಡಿಸಲು. "ಆ ದಾರದ ತುದಿ ಹಿಡಿ."

ಸಲೋಮೆ ಕೊಡ ಇಳಿಸಿ ಬಂದು ಮಸಿದಾರದ ಒಂದು ತುದಿ ಹಿಡಿದಳು. ಅವನು ಇನ್ನೊಂದು ತುದಿ ಹಿಡಿದು, ಎಳೆದು, ನಡುವೆ ಎತ್ತಿ ಬಿಟ್ಟ. ಗೆರೆ ಬಿತ್ತು.

"ಇಷ್ಟುದ್ದ ಯಾಕೆ?" ಅಂದಳು.

"ನಾನು ಸ್ವಲ್ಪ ದಪ್ಪ."

ಅವಳು ದಾರದ ತುದಿಯನ್ನು ಹಿಡಿದೇ ನಿಂತಳು. ಬೆರಳಿಗೆ ಮಸಿ ಹತ್ತಿತು. "ನಿಮ್ಮ ಹಿರಿತನ?"

"ಎಜ್ರ ಓದು ಬಲ್ಲ. ಧ್ವನಿ ನನಗಿಂತ ಚೆನ್ನಾಗಿದೆ." ಅವನು ಈಗ ತಲೆ ಎತ್ತಿ ಅವಳ ಮುಖ ನೋಡಿದ. ಮಂಗಳವಾರದ ಮೇಲೆ ಮೊದಲ ಸಲ. "ನನಗಿನ್ನೂ ಸಿಟ್ಟು ಹೋಗಿಲ್ಲ ಸಲೋಮೆ. ಆ ಎರಡು ತಿಂಗಳಿನದು. ಹೋಗುತ್ತೆ. ನಾನು ಹಿರಿಯ ಅಂತ ನಿನಗಿದ್ದ ಹೆದರಿಕೆಯೂ ಹೋಗಬೇಕಲ್ಲ. ಐದು ತಿಂಗಳು ಪಕ್ಕಪಕ್ಕ ಕೂತರೆ ಎರಡೂ ಹೋಗಬಹುದು."

ಅವಳು ದಾರದ ತುದಿಯನ್ನು ಹಲಗೆಯ ಮೇಲೆ ಇಟ್ಟಳು. ಕೊಡ ಎತ್ತಿಕೊಂಡು ಒಳಗೆ ಹೋಗಿ, ಬಾಗಿಲ ಮರೆಯಲ್ಲಿ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತು, ಆಮೇಲೆ ಬೇಳೆ ತೊಳೆದಳು.

ಪಾದ್ರಿಗಳು ಸಂಜೆ ನಾಲ್ಕಕ್ಕೆ ಟ್ರಾಮಿನಿಂದ ಇಳಿದರು. ಮೈಯೆಲ್ಲ ಹೊಗೆಯ ಕಿಟ್ಟ. ಕಾಫಿ ಕುಡಿದು ಪಟ್ಟಿ ಕೇಳಿದರು. ನತಾನಿಯೇಲ ಕಾಗದ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಓದಿದರು. ಹತ್ತು ಮನೆ. ಮೊದಲ ಸಾಲು ಖಾಲಿ.

"ನಿಮ್ಮ ಮನೆಯದು ಮರೆತಿದ್ದೀರಿ."

"ಮರೆತಿಲ್ಲ ಅಯ್ಯನವರೇ." ನತಾನಿಯೇಲ ನಡೆದದ್ದನ್ನು ಹೇಳಿದ. ಸಲೋಮೆ ಬಾಗಿಲ ಹತ್ತಿರ ನಿಂತು, ತನ್ನ ಪಾಲಿನದನ್ನು ತಾನೇ ಹೇಳಿದಳು. ಪಾದ್ರಿಗಳು ವಯಸ್ಸಾದವರು, ಮೂವತ್ತು ವರ್ಷ ಇಂಥ ಪಟ್ಟಿಗಳನ್ನು ನೋಡಿದವರು. ಕನ್ನಡಕ ತೆಗೆದು ಒರೆಸಿದರು.

"ಆಯಿತು. ಆಕೆಯ ಹೆಸರು ಬಿಟ್ಟದ್ದು ಸರಿ. ನಿಮ್ಮದು ಯಾಕೆ ಬಿಟ್ಟಿರಿ? ನೀವು ಊರಲ್ಲೇ ಇರಲಿಲ್ಲ."

"ಹೌದು."

"ನಿಮ್ಮ ತಪ್ಪಿಲ್ಲದೆ ನಿಮ್ಮನ್ನು ಹಿಂದಕ್ಕೆ ಕೂರಿಸುವ ನಿಯಮ ನನ್ನ ಹತ್ತಿರ ಇಲ್ಲ, ನತಾನಿಯೇಲ್."

"ನಮ್ಮ ಮದುವೆ ಮಾಡಿಸಿದವರು ನೀವೇ. ಇವರಿಬ್ಬರು ಇನ್ನು ಒಂದೇ ಶರೀರ ಅಂತ ಓದಿದಿರಿ. ಒಂದೇ ಶರೀರ ಅಂದಮೇಲೆ ಅರ್ಧ ಮುಂದೆ, ಅರ್ಧ ಬಾಗಿಲ ಹತ್ರ ಹೇಗೆ ಕೂರಿಸೋದು? ನಾನು ಬಡಗಿ. ಕೂಡಿಸಿದ್ದನ್ನ ಹಾಗೆ ಬಿಡಿಸಿದರೆ ಎರಡೂ ತುಂಡು ಹಾಳು."

ಪಾದ್ರಿಗಳು ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದರು. "ಗಂಡಸರು ಹೆಂಗಸರು ಒಂದೇ ಬೆಂಚಿನಲ್ಲಿ ಕೂರುವ ಪದ್ಧತಿಯೂ ನಮ್ಮಲ್ಲಿಲ್ಲ," ಅಂದರು ಕೊನೆಗೆ. ಆದರೆ ಬೇಡವೆನ್ನಲಿಲ್ಲ. ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡು, ಎಜ್ರನನ್ನು ಕರೆಸಲು ಹೇಳಿದರು.

ಭಾನುವಾರ ಬಂದವರೆಲ್ಲ ಮೊದಲು ಬೆಂಚನ್ನು ನೋಡಿದರು. ಅರ್ಧ ಹಳೆಯ ಮತ್ತಿ, ಕಪ್ಪಗೆ. ಅರ್ಧ ಹೊಸ ಹೊನ್ನೆ, ಹಳದಿ. ಆರು ಕಾಲು. ಅದರ ಮೇಲೆ ಹಿರಿಯ ನತಾನಿಯೇಲ ಹೊಸ ತುದಿಯಲ್ಲಿ, ಹೆಂಡತಿ ಹಳೆಯ ತುದಿಯಲ್ಲಿ, ನಡುವೆ ಲೀದಿಯ ಕಾಲು ಆಡಿಸುತ್ತ ಕೂತಿದ್ದರು. ಮುಂದೆ ಹೋದ ಹೆಂಗಸರು ಪಿಸುಗುಟ್ಟಿದರು. ಒಬ್ಬಿಬ್ಬರು ಸೆರಗು ಒಳಗೆಳೆದುಕೊಂಡರು. ಸಲೋಮೆ ನೋಡಿದಳು, ತಲೆ ತಗ್ಗಿಸಲಿಲ್ಲ. ಅವಳ ಕುತ್ತಿಗೆಯಲ್ಲಿ ಮಾತ್ರ ಬೆವರಿತ್ತು.

ತಬಿಥಾ ತಡವಾಗಿ ಬಂದಳು. ಬೆಂಚಿನ ಹತ್ತಿರ ನಿಂತು, ಎಡಗಡೆ ಹಿಂದಿನ ಮೂಲೆಯನ್ನು ಎರಡು ಕೈಯಿಂದ ಒತ್ತಿ ಅಲ್ಲಾಡಿಸಿ ನೋಡಿದಳು.

"ಈಗ ಪರವಾಗಿಲ್ಲ," ಅಂದು ಸಲೋಮೆಯ ಹೆಗಲು ಮುಟ್ಟಿ ತನ್ನ ಜಾಗಕ್ಕೆ ಹೋದಳು.

ಎಜ್ರ ಓದಿದ. ಪಾದ್ರಿಗಳು ಮಾತಾಡಿದರು. ಆಮೇಲೆ ರೊಟ್ಟಿಯ ತಟ್ಟೆ ಗಂಡಸರ ಸಾಲಿನಲ್ಲಿ ಹೋಗಿ, ಹೆಂಗಸರ ಸಾಲಿನಲ್ಲಿ ಬಂದು, ಎಂಟನೆಯ ಬೆಂಚಿನ ತನಕ ಬಂದು ತಿರುಗಿತು. ಲೀದಿಯ ಅದನ್ನೇ ಕಣ್ಣಲ್ಲಿ ಹಿಂಬಾಲಿಸುತ್ತಿದ್ದಳು.

"ನಮಗೆ?" ಅಂದಳು, ಎಲ್ಲರಿಗೂ ಕೇಳುವ ಹಾಗೆ.

"ಮುಂದಿನ ಸಲ," ಅಂದ ನತಾನಿಯೇಲ.

ಸಲೋಮೆ ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ನಡುವಿನ ಜಾಗ ಖಾಲಿಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಹೊನ್ನೆಯ ಕಡೆಗೆ ಸರಿದು ಕೂತಳು. ಬೆಂಚು ಅಲ್ಲಾಡಲಿಲ್ಲ.